ಸೋಫಾ ತೋರಿಸಿದಿರಿ, ಕೀಲ್ ತೋರಿಸಲಿಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಫೈಬರ್‌ಗ್ಲಾಸ್ ಹಾಯಿದೋಣಿಯ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಇಡೀ ಪುಟದ ತುಂಬ ಸೋಫಾ, ಫ್ರಿಜ್, ಅಗಲವಾದ ಹಾಸಿಗೆ, ಮರದ ಪಾಲಿಶ್ ಇಷ್ಟೇ. ಫ್ಲ್ಯಾಟ್ ಮಾರುವವರ ಜಾಹೀರಾತು ಓದಿದ ಹಾಗಾಯಿತು. ವಾರಗಟ್ಟಲೆ ದಡ ಕಾಣದೆ ಸಾಗಬೇಕಾದ ದೋಣಿ ಅದು. ಅದರ ಕೀಲ್ ಎಂಥದ್ದು, ಚುಕ್ಕಾಣಿ ಎಲ್ಲಿ ಕೂತಿದೆ, ಡೆಕ್, ಅಂದರೆ ಮೇಲೆ ಓಡಾಡುವ ನೆಲದ ಒಳಗೆ ಏನು ತುಂಬಿದ್ದಾರೆ ಅನ್ನೋದರ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೇ ಈ ಪತ್ರ.

ಕೀಲ್ ಅಂದರೆ ಮೊಣಕಾಲಿನ ಕೀಲಲ್ಲ. ದೋಣಿಯ ತಳದಿಂದ ನೀರೊಳಗೆ ಇಳಿದಿರುವ ಭಾರದ ಭಾಗ. ದೋಣಿಯ ಒಟ್ಟು ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು, ಕೆಲವದರಲ್ಲಿ ಇನ್ನೂ ಜಾಸ್ತಿ, ಸೀಸವೋ ಕಬ್ಬಿಣವೋ ಆಗಿ ಇಲ್ಲೇ ಕೂತಿರುತ್ತದೆ. ಗಾಳಿ ಹಾಯಿಯನ್ನು ಒಂದು ಕಡೆ ತಳ್ಳಿದರೆ ದೋಣಿಯನ್ನು ಮತ್ತೆ ನೆಟ್ಟಗೆ ಮಾಡೋದು ಈ ಭಾರವೇ. ಹಳೇ ಮಾದರಿಯಲ್ಲಿ ಕೀಲ್ ಉದ್ದಕ್ಕೂ ಹರಡಿಕೊಂಡಿರುತ್ತದೆ, ಅದರ ಹಿಂಬದಿಗೇ ಚುಕ್ಕಾಣಿ ಅಂಟಿಕೊಂಡಿರುತ್ತದೆ. ಹೊಸ ಮಾದರಿಯಲ್ಲಿ ಮೀನಿನ ರೆಕ್ಕೆಯಂತೆ ಕಿರಿದಾಗಿ, ಆಳವಾಗಿ ಇಳಿದಿರುವ ಕೀಲನ್ನು ಬೋಲ್ಟ್ ಹಾಕಿ ತಳಕ್ಕೆ ಬಿಗಿದಿರುತ್ತಾರೆ. ಚುಕ್ಕಾಣಿ ಹಿಂದೆಲ್ಲೋ ಒಂಟಿಯಾಗಿ ನೇತಾಡುತ್ತಿರುತ್ತದೆ. ಹೊಸದು ವೇಗ, ಬೇಗ ತಿರುಗುತ್ತದೆ, ಒಪ್ಪುತ್ತೇನೆ. ಆದರೆ ಒಂದು ಸಲ ಬಂಡೆಗೆ ತಾಗಿತು ಅನ್ನಿ. ಕೀಲಿನ ಹಿಂದಿನ ಅಂಚು ಮೇಲಕ್ಕೆ ಒತ್ತಿ, ಒಳಗೆ ತಳಕ್ಕೆ ಬಲ ಕೊಡಲು ಅಂಟಿಸಿರುವ ಪಟ್ಟಿಗಳು ಬಿರುಕು ಬಿಡಬಹುದು. ಹೊರಗೆ ಏನೂ ಕಾಣಿಸೋದಿಲ್ಲ. 2014ರ ಮೇ ತಿಂಗಳಲ್ಲಿ 'ಚೀಕಿ ರಫೀಕಿ' ಅನ್ನುವ ಫೈಬರ್‌ಗ್ಲಾಸ್ ದೋಣಿ ಅಟ್ಲಾಂಟಿಕ್ ಮಧ್ಯದಲ್ಲಿ ಕೀಲ್ ಕಳಚಿ ಮಗುಚಿಕೊಂಡಿತು. ನಾಲ್ವರೂ ಉಳಿಯಲಿಲ್ಲ.

ಇದಕ್ಕೆ ಪೂರಾ ಉಲ್ಟಾ ಉದಾಹರಣೆಯೂ ಇದೆ. 2022ರ ಸಾಲಿನ ಗೋಲ್ಡನ್ ಗ್ಲೋಬ್ ರೇಸ್. ಒಬ್ಬರೇ, ಎಲ್ಲೂ ನಿಲ್ಲದೆ, ಭೂಮಿ ಸುತ್ತಬೇಕು. ಅದರ ನಿಯಮವೇ ಹೀಗೆ: 32ರಿಂದ 36 ಅಡಿ ಉದ್ದ, 1988ಕ್ಕಿಂತ ಹಿಂದಿನ ವಿನ್ಯಾಸ, ಉದ್ದ ಕೀಲ್, ಅದರ ಹಿಂಬದಿಗೇ ಚುಕ್ಕಾಣಿ. ಅದರಲ್ಲಿ ನಮ್ಮ ದೇಶದ ಅಭಿಲಾಷ್ ಟಾಮಿ ಎರಡನೆಯವರಾಗಿ ಬಂದರಲ್ವಾ, ಅವರ ದೋಣಿ ರಸ್ಲರ್ 36. ನಿಮ್ಮ ಫೋಟೊದ ಪಕ್ಕ ನಿಲ್ಲಿಸಿದರೆ ಅದು ಒಳಗೆ ಗೂಡಿನ ಹಾಗೆ ಕಾಣುತ್ತದೆ.

ಆ ಇಕ್ಕಟ್ಟು ಬೇಕಾಗಿಯೇ ಇರೋದು. ಸಮುದ್ರದಲ್ಲಿ ದೋಣಿ ಒಂದು ಕಡೆ ವಾಲಿಕೊಂಡೇ ದಿನವಿಡೀ ಓಡುತ್ತದೆ. ಹಾಲ್‌ನಷ್ಟು ಅಗಲ ಇದ್ದರೆ ಬಿದ್ದಾಗ ಆ ತುದಿಯವರೆಗೂ ಹಾರಿಹೋಗಿ ಅಪ್ಪಳಿಸುತ್ತೀರಿ. ಕೈ ಚಾಚಿದ ಕಡೆಯೆಲ್ಲ ಹಿಡಿಕೆ ಸಿಗಬೇಕು. ಮಲಗೋ ಜಾಗ ಕಿರಿದಾಗಿರಬೇಕು, ಉರುಳದಂತೆ ಪಕ್ಕಕ್ಕೆ ಗಟ್ಟಿ ಬಟ್ಟೆ ಕಟ್ಟುವಂತಿರಬೇಕು. ನೀವು ಹೊಗಳಿದ ಆ ದೊಡ್ಡ ಹಾಸಿಗೆ ಬಂದರಿನಲ್ಲಿ ಸುಖ, ಅಲೆಯಲ್ಲಿ ಟ್ರ್ಯಾಂಪೊಲೀನ್.

ಇನ್ನು ಡೆಕ್. ಇದು ಒಂದೇ ಗಟ್ಟಿ ಹಲಗೆ ಅಂತ ಜಾಸ್ತಿ ಜನ ಅಂದುಕೊಂಡಿರುತ್ತಾರೆ. ಮೇಲೊಂದು ಕೆಳಗೊಂದು ಫೈಬರ್‌ಗ್ಲಾಸ್ ಪದರ, ನಡುವೆ ಹೆಚ್ಚಾಗಿ ಬಾಲ್ಸಾ ಅನ್ನುವ ಹಗುರ ಮರ ಇರುತ್ತದೆ. ಸ್ಯಾಂಡ್‌ವಿಚ್ ಅಂತಲೇ ಕರೆಯುತ್ತಾರೆ. ನೀರು ತಾಗದಿದ್ದರೆ ಇದು ಹಗುರವೂ ಹೌದು, ಗಟ್ಟಿಯೂ ಹೌದು. ಆದರೆ ಪ್ರತಿ ಬೋಲ್ಟಿನ ತೂತೂ ನೀರಿಗೆ ಒಂದು ಬಾಗಿಲು. ಒಮ್ಮೆ ಗೆಳೆಯನ ಜೊತೆ ಹಳೇ 32 ಅಡಿ ದೋಣಿಯೊಂದನ್ನು ನೋಡಲು ಹೋಗಿದ್ದೆ. ಮಾರುವವರು ನನಗೆ ಒಳಗಿನ ಅಡುಗೆಮನೆ ತೋರಿಸುತ್ತಿದ್ದರು. ಗೆಳೆಯ ಮೇಲೆ ಮಂಡಿಯೂರಿ, ಸ್ಕ್ರೂಡ್ರೈವರ್ ಹಿಡಿಯಿಂದ ಡೆಕ್ ಮೇಲೆ ಸುಮ್ನೆ ತಟ್ಟುತ್ತಾ ಹೋದ. ಟಕ್, ಟಕ್, ಟಕ್. ಅಂಚಿನ ಕಂಬಿಯ ಬುಡಕ್ಕೆ ಬಂದಾಗ ದಬ್ ಅಂತ ಮಂಕು ಸದ್ದು. ಅಲ್ಲಿನ ಒಂದು ಬೋಲ್ಟ್ ಬಿಚ್ಚಿಸಿದೆವು. ಕಂದು ಬಣ್ಣದ ನೀರು ಜಿನುಗಿತು. ತೂತಿಗೆ ತಂತಿ ಹಾಕಿ ಕೆರೆದರೆ ಒಳಗಿನ ಮರ ನೆನೆದ ರಟ್ಟಿನ ಹಾಗೆ ಪುಡಿಪುಡಿಯಾಗಿ ಬಂತು. ಮೇಲಿನ ಬಿಳಿ ಜೆಲ್‌ಕೋಟ್, ಅಂದರೆ ನುಣುಪಾದ ಹೊರಲೇಪ, ಮಾತ್ರ ಫಳಫಳ ಹೊಳೆಯುತ್ತಿತ್ತು. ಆಮೇಲೆ ನಾವು ಅಡುಗೆಮನೆ ವಿಷಯ ಎತ್ತಲೇ ಇಲ್ಲ.

"ಫೈಬರ್‌ಗ್ಲಾಸ್‌ಗೆ ನೀರಿನ ಭಯವಿಲ್ಲ" ಅಂತಲೂ ಬರೆದಿದ್ದೀರಿ. ಮರದ ಹಾಗೆ ಕೊಳೆಯೋದಿಲ್ಲ, ಅಷ್ಟು ನಿಜ. ಆದರೆ ವರ್ಷಗಟ್ಟಲೆ ನೀರಲ್ಲೇ ಇದ್ದರೆ ತಳದ ಪದರದೊಳಗೆ ತೇವ ಇಳಿದು ಬೊಬ್ಬೆ ಏಳುವುದುಂಟು. ಅದನ್ನು ಒಡೆದರೆ ವಿನೆಗರ್ ಥರ ಘಾಟು. ಸಾಮಾನ್ಯವಾಗಿ ದೋಣಿ ಮುಳುಗಿಸುವಂಥ ರೋಗವಲ್ಲ, ಗಾಬರಿ ಬೇಡ, ಆದರೆ ರಿಪೇರಿ ಮಾತ್ರ ತಿಂಗಳುಗಳ ಕೆಲಸ.

ವೇಗದ ವಿಷಯಕ್ಕೂ ಒಂದು ತಿದ್ದುಪಡಿ. ಗಾಳಿ ಜೋರಾದಷ್ಟೂ ದೋಣಿ ಜೋರಾಗಿ ಓಡುತ್ತದೆ ಅನ್ನೋದು ತಪ್ಪು. ಇಂಥ ಭಾರದ ದೋಣಿಯ ವೇಗಕ್ಕೆ ನೀರು ತಾಗುವ ಉದ್ದವೇ ಮಿತಿ. ಆ ಉದ್ದ 25 ಅಡಿ ಇದ್ದರೆ ಅದರ ವರ್ಗಮೂಲ 5, ಅದನ್ನು 1.34ರಿಂದ ಗುಣಿಸಿದರೆ 6.7 ನಾಟ್. ಅಂದರೆ ಗಂಟೆಗೆ 12 ಕಿಲೋಮೀಟರ್ ಚಿಲ್ಲರೆ, ಸೈಕಲ್ ವೇಗ. ಅಲೆ ಇಳಿಯುವಾಗ ಸ್ವಲ್ಪ ಹೊತ್ತು ಮೀರಬಹುದು, ಅಷ್ಟೇ. ಆಮೇಲೆ ಹಾಯಿ ಎಷ್ಟೇ ಏರಿಸಿದರೂ ದೋಣಿ ವಾಲುತ್ತದೆಯೇ ಹೊರತು ಮುಂದೆ ಓಡೋದಿಲ್ಲ.

ಕೊನೆಗೊಂದು ಕೋರಿಕೆ. ಮುಂದಿನ ಸಲ ಬರೆಯುವವರಿಗೆ ಆ ಸೋಫಾದ ಮೆತ್ತೆ ಎತ್ತಿ ಫೋಟೊ ತೆಗೆಯಲು ಹೇಳಿ. ದೋಣಿಯ ತಳದಲ್ಲಿ ನೀರು ಒಳಕ್ಕೂ ಹೊರಕ್ಕೂ ಹರಿಯುವ ತೂತುಗಳಿರುತ್ತವಲ್ಲ, ಅವುಗಳ ವಾಲ್ವ್ ಹೆಚ್ಚಾಗಿ ಇಂಥ ಜಾಗದಲ್ಲೇ ಅಡಗಿರುತ್ತವೆ. ಕೈಯಲ್ಲಿ ತಿರುಗಿಸಿದರೆ ತಿರುಗುತ್ತವಾ, ತುಕ್ಕು ಹಿಡಿದು ಕಚ್ಚಿಕೊಂಡಿವೆಯಾ ನೋಡಲಿ. ವಾಲ್ವ್ ಮುರಿದರೆ ತೂತಿಗೆ ಬಡಿಯಲು ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕಿದ ಮೊನಚು ಮರದ ಬಿರಡೆಯೊಂದು ಇದ್ದರೆ, ಆ ದೋಣಿಯವರ ಹತ್ತಿರವೇ ಕೂತು ಸಂದರ್ಶನ ಮಾಡಲಿ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ