ಮಗಳಿಗೊಂದು ಪತ್ರ: ಆ ಸೀಸದ ಉಂಡೆಯೇ ಸಾಕು

ಕೊಪ್ಪದ ಮನೆಯಿಂದ
ಡಿಸೆಂಬರ್ 6

ಪುಟ್ಟಿ,

ಜಿಂಕೆ ಶಿಕಾರಿಗೆ ಫ್ಲಿಂಟ್‌ಲಾಕಿಗೆ, ಆ ಕಲ್ಲಿನ ಕಿಡಿಯಿಂದ ಹೊತ್ತುವ ಹಳೇ ಕಾಲದ ಕೋವಿಗೆ, ಯಾವ ಗುಂಡು ಹಾಕಲಿ ಅಂತ ನೀನು ಕೇಳಿದೆ. ನಿನ್ನೆ ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಇಲ್ಲಿ ಸಿಗ್ನಲ್ ಬೇಕೆಂದರೆ ತೋಟದ ಮೇಲಿನ ಗುಡ್ಡ ಹತ್ತಬೇಕು. ಅಲ್ಲಿ ನಿಂತು ಅರ್ಧಂಬರ್ಧ ಹೇಳುವ ವಿಷಯವೂ ಇದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾಳೆ ಪೇಟೆಗೆ ಹೋದಾಗ ಫೋಟೋ ತೆಗೆದು ಕಳಿಸುತ್ತೇನೆ.

ಅಜ್ಜಿಯ ಸೊಂಟ ಈಗ ಪರವಾಗಿಲ್ಲ. ಕೋಲು ಹಿಡಿದು ಅಂಗಳದವರೆಗೆ ಬರುತ್ತಾಳೆ. ಅಡಿಕೆ ಒಣಹಾಕಿದ ಕಡೆ ಕೂತು ಎಲ್ಲರಿಗೂ ಕೆಲಸ ಹೇಳುತ್ತಾಳೆ. ಆದರೂ ಜನವರಿ ಮುಗಿಯುವವರೆಗೆ ನಾನು ಬಿಟ್ಟುಬರುವ ಹಾಗಿಲ್ಲ. 26ನೇ ತಾರೀಕು ಪೆನ್ಸಿಲ್ವೇನಿಯಾದ ಪಾಟರ್ ಕೌಂಟಿಯ ಕಾಡಿನಲ್ಲಿ ನೀನೊಬ್ಬಳೇ ಫ್ಲಿಂಟ್‌ಲಾಕ್ ಹಿಡಿದು ಕೂರುತ್ತೀಯ ಅನ್ನುವುದು ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ನಿನ್ನ ಮೊದಲ ಫ್ಲಿಂಟ್‌ಲಾಕ್ ಸೀಸನ್ನಿಗೆ ಪಕ್ಕದಲ್ಲಿರಬೇಕು ಅಂತ ಎಷ್ಟು ವರ್ಷದಿಂದ ಕಾದಿದ್ದೆ.

ಉತ್ತರ ಮೊದಲು ಹೇಳಿಬಿಡುತ್ತೇನೆ. ಶುದ್ಧ ಸೀಸದ ದುಂಡನೆಯ ಗುಂಡು, .490 ಇಂಚಿನದು, ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿ. ನಮ್ಮ .50 ಕ್ಯಾಲಿಬರ್ ಕೋವಿಗೆ ಅದೊಂದೇ ಸಾಕು.

ನಿನ್ನ ಫ್ರೆಂಡ್ ಸೇಬೋ, ಅಂದರೆ ಪ್ಲಾಸ್ಟಿಕ್ ಅಂಗಿ ತೊಟ್ಟ ಗುಂಡು, ತಗೋ ಅಂದಿದ್ದು ಸುಳ್ಳಲ್ಲ. ಅವನ ಕೋವಿಗೆ ಅದು ಸರಿ. ಅಕ್ಟೋಬರಿನ ಮಝಲ್‌ಲೋಡರ್ ವಾರದಲ್ಲಿ, ಅಂದರೆ ಮೂತಿಯಿಂದ ಬಾರು ಮಾಡುವ ಕೋವಿಗಳ ವಾರದಲ್ಲಿ, ಅವನು ಹಿಡಿದಿದ್ದು ಇನ್‌ಲೈನ್ ಅನ್ನುವ ಹೊಸ ಥರದ ಕೋವಿ. ಅದರ ನಳಿಗೆಯೊಳಗಿನ ಸುರುಳಿ ಗೀರು 28 ಇಂಚಿಗೇ ಒಂದು ಸುತ್ತು ಹಾಕುತ್ತದೆ. ಪ್ಲಾಸ್ಟಿಕ್ ಅಂಗಿ ತೊಟ್ಟ .45 ಇಂಚಿನ ಉದ್ದ ಗುಂಡು, 250 ಗ್ರೇನ್ ತೂಕದ್ದು, ನೆಟ್ಟಗೆ ಹೋಗಬೇಕಾದರೆ ಅಷ್ಟು ಬಿರುಸಾಗಿ ತಿರುಗಲೇಬೇಕು. ನಮ್ಮ ಕೋವಿಯ ಗೀರು 66 ಇಂಚಿಗೆ ಒಂದು ಸುತ್ತು. ಬಹಳ ನಿಧಾನ. ದುಂಡು ಗುಂಡಿಗೆ ಮೂತಿಯಿಲ್ಲ, ಬಾಲವಿಲ್ಲ, ಹೇಗೆ ತಿರುಗಿದರೂ ಒಂದೇ. ಅದಕ್ಕೆ ಆ ನಿಧಾನದ ಸುತ್ತು ಸಾಕು. ಉದ್ದ ಗುಂಡು ಹಾಕಿದರೆ ಗಾಳಿಯಲ್ಲಿ ಹೊಯ್ದಾಡುತ್ತದೆ.

ಇದು ಪುಸ್ತಕ ಓದಿ ಬಂದ ಬುದ್ಧಿಯಲ್ಲ, ಪುಟ್ಟಿ. ನಿನಗೆ ಇದುವರೆಗೆ ಹೇಳಿರಲಿಲ್ಲ.

ನೀನು ಆಗ ಏಳನೇ ಕ್ಲಾಸು. ನಾನು ಈ ಕೋವಿ ತಗೊಂಡ ಮೊದಲ ವರ್ಷ. ಅಂಗಡಿಯಲ್ಲಿ ಒಬ್ಬರು, ಭಾರ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದರು. 385 ಗ್ರೇನಿನ ಉದ್ದ ಸೀಸದ ಗುಂಡಿನ ಡಬ್ಬಿ ಕೊಟ್ಟರು. ನಮ್ಮ ದುಂಡು ಗುಂಡು 177 ಗ್ರೇನು, ಅಂದರೆ ಹನ್ನೊಂದೂವರೆ ಗ್ರಾಂ. ಅದರ ಎರಡು ಪಟ್ಟಿಗಿಂತ ಜಾಸ್ತಿ! ನನಗೂ ಖುಷಿಯಾಯಿತು. 25 ಗಜದಲ್ಲಿ ಎರಡು ಈಡು ಹೊಡೆದು ನೋಡಿದೆ. ಕಾಗದಕ್ಕೆ ತಾಗಿತು. ಅಷ್ಟಕ್ಕೇ ಸಮಾಧಾನಪಟ್ಟು ಕಾಡಿಗೆ ಹೋದೆ.

ಮೂರನೇ ದಿನ ಸಂಜೆ ಹೆಮ್ಲಾಕ್ ಮರಗಳ ನಡುವೆ ಒಂದು ಹೆಣ್ಣು ಜಿಂಕೆ ಬಂತು. ಎಪ್ಪತ್ತು ಗಜ ಇರಬಹುದು. ಪಕ್ಕೆ ತೋರಿಸಿ ನಿಂತಿತ್ತು. ಮುಂಗಾಲಿನ ಹಿಂದಕ್ಕೆ ಗುರಿ ಹಿಡಿದು ಹೊಡೆದೆ. ಹೊಗೆ ಸರಿಯುವಷ್ಟರಲ್ಲಿ ಅದು ಬೆನ್ನು ಬಾಗಿಸಿಕೊಂಡು ಹೋಗುತ್ತಿತ್ತು. ಹಿಮದ ಮೇಲೆ ರಕ್ತ ಸ್ವಲ್ಪವೇ ಇತ್ತು. ಅದರ ಜೊತೆ ಹಸಿರು ಮಿಶ್ರಿತ ಕಂದು ಬಣ್ಣದ ಏನೋ ಬಿದ್ದಿತ್ತು. ಬಗ್ಗಿ ಮೂಸಿ ನೋಡಿದೆ. ಹೊಟ್ಟೆಗೆ ಬಿದ್ದಿದೆ ಅಂತ ಗೊತ್ತಾಯಿತು. ಟಾರ್ಚ್ ಹಿಡಿದು ರಾತ್ರಿ ಹತ್ತರವರೆಗೆ ಹುಡುಕಿದೆ. ಸಿಗಲಿಲ್ಲ. ಬೆಳಿಗ್ಗೆ ಒಂದು ಹಳ್ಳದ ಪಕ್ಕ ಸಿಕ್ಕಿತು. ನರಿಯಂಥ ಕಯೋಟಿಗಳು ಅರ್ಧ ತಿಂದಿದ್ದವು. ಅದು ರಾತ್ರಿ ಎಷ್ಟು ಹೊತ್ತು ನರಳಿತೋ.

ಆಮೇಲೆ ಬಂದು 75 ಗಜದಲ್ಲಿ ಕಾಗದ ಕಟ್ಟಿ ಹೊಡೆದೆ. ದುಂಡಗಿರಬೇಕಾದ ತೂತು ಬೀಗದ ಕೈ ತೂರಿಸುವ ಕಂಡಿಯ ಹಾಗೆ ಉದ್ದಕ್ಕಿತ್ತು. ಗುಂಡು ಅಡ್ಡಡ್ಡ ತಿರುಗಿ ಹೋಗಿ ಕಾಗದ ಸೀಳಿತ್ತು. ಒಂದು ಇಲ್ಲಿ, ಇನ್ನೊಂದು ಒಂದು ಅಡಿ ಆಚೆ. ಈ ಕೆಲಸವನ್ನು ನಾನು ಸೀಸನ್ನಿಗೆ ಮುಂಚೆ ಮಾಡಬೇಕಿತ್ತು. ಅಂಗಡಿಯವರನ್ನು ಬೈದು ಏನು ಪ್ರಯೋಜನ? ಕೋವಿ ನನ್ನದು, ಈಡು ನನ್ನದು. ಆ ಕಾಗದ ಇನ್ನೂ ಬೇಸ್‌ಮೆಂಟಿನ ಗೋಡೆಯ ಮೇಲಿದೆ. ಅದೇನು ಅಂತ ನೀನು ಒಂದು ಸಲ ಕೇಳಿದ್ದೆ, ನಾನು ಮಾತು ಬದಲಿಸಿದ್ದೆ.

ಹಾಗಾಗಿ ಈ ಮೂರು ವಾರದಲ್ಲಿ ನೀನು ಮಾಡಬೇಕಾದ್ದು ಇಷ್ಟು. ಗುರಿ ಅಭ್ಯಾಸದ ರೇಂಜಿಗೆ ಹೋಗು. ಊಟದ ಪೇಪರ್ ಪ್ಲೇಟು, ಆರು ಇಂಚಿನ ಸಣ್ಣವು ಸಿಗುತ್ತವಲ್ಲ, ಅದನ್ನು 50 ಗಜಕ್ಕೆ ಕಟ್ಟು. ಬೆಂಚಿನ ಮೇಲೆ ಕೋವಿ ಇಟ್ಟು ಹೊಡೆಯಬೇಡ. ಕಾಡಿನಲ್ಲಿ ಬೆಂಚು ಇರುವುದಿಲ್ಲ. ಮರಕ್ಕೆ ಒರಗಿ ಹೇಗೆ ಕೂರುತ್ತೀಯೋ ಹಾಗೆ ಕೂತು ಹೊಡಿ. ಐದಕ್ಕೆ ಐದೂ ಪ್ಲೇಟಿನೊಳಗೆ ಬಿದ್ದರೆ 50 ಗಜ ನಿನ್ನದು. ನಾಲ್ಕು ಬಿದ್ದರೆ 40ಕ್ಕೆ ತಂದು ಮತ್ತೆ ಹೊಡಿ. 75ರಲ್ಲಿ ಒಂದೆರಡು ಬಿತ್ತು ಅಂತ ಆಸೆ ಪಡಬೇಡ. ದುಂಡು ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ 1,700 ಅಡಿಯ ಆಸುಪಾಸು ಹೋಗುತ್ತದೆ. ಆದರೆ ಗಾಳಿ ಅದನ್ನು ಬೇಗ ತಡೆಯುತ್ತದೆ. ನೂರು ಗಜ ಮುಟ್ಟುವಷ್ಟರಲ್ಲಿ ವೇಗದಲ್ಲಿ ನೂರಕ್ಕೆ 40ರ ಹತ್ತಿರ ಹೋಗಿಬಿಟ್ಟಿರುತ್ತದೆ. ಯಾವ ಗುಂಡು ಅಂತ ಆರಿಸುವಾಗ ಎಷ್ಟು ದೂರ ಅನ್ನುವುದನ್ನೂ ಆರಿಸಿದ ಹಾಗೆ.

ಐವತ್ತೇ ಗಜವಾಯಿತಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ನಾವು ಕೂರುವ ಜಾಗದಲ್ಲಿ ಲಾರೆಲ್ ಪೊದೆಗಳ ನಡುವೆ ಅದಕ್ಕಿಂತ ದೂರ ಕಾಣುವುದೇ ಇಲ್ಲ, ಅಲ್ವಾ? ಆ ಹತ್ತಿರದಲ್ಲಿ ಎರಡೂ ಶ್ವಾಸಕೋಶದ ಮೂಲಕ ಹೋದ ಸೀಸದ ಉಂಡೆ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಹೋದ ವರ್ಷದ ಜಿಂಕೆಯನ್ನು ಸುಲಿಯುವಾಗ ಆಚೆ ಪಕ್ಕೆಯ ಚರ್ಮದ ಅಡಿ ಗುಂಡು ಸಿಕ್ಕಿತ್ತು. ಹೋಗುವಾಗ ಅರ್ಧ ಇಂಚು, ಸಿಕ್ಕಾಗ ಒಂದು ಪೆನ್ನಿ ನಾಣ್ಯದಷ್ಟು ಅಗಲ. ಅಣಬೆಯ ಕೊಡೆಯ ಹಾಗೆ ಚಪ್ಪಟೆ. ಅಂಚಿನಲ್ಲಿ ಒಂದೆರಡು ಕೂದಲು ಅಂಟಿದ್ದವು. ಆ ಜಿಂಕೆ ನಲವತ್ತು ಹೆಜ್ಜೆ ಓಡಿ ಬಿದ್ದಿತ್ತು.

ಸೀಸ ಅಂದಾಗ ಮೆತ್ತನೆಯ, ಶುದ್ಧ ಸೀಸವೇ ಆಗಬೇಕು. ಉಗುರಿನಿಂದ ಗೀರಿದರೆ ಗುರುತು ಬೀಳಬೇಕು. ಕಾರಿನ ಚಕ್ರಕ್ಕೆ ಹಾಕುವ ತೂಕದ ಸೀಸ ಕರಗಿಸಿ ಮಾಡಿದ್ದು ಗಟ್ಟಿ. ಅದು ಹೀಗೆ ಅರಳುವುದಿಲ್ಲ.

ಬಟ್ಟೆಯ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನನಗೆ ಕೇಳಿದರೆ ಗುಂಡಿನಷ್ಟೇ ಬಟ್ಟೆಯೂ ಮುಖ್ಯ. ಗುಂಡು ನಳಿಗೆಗಿಂತ ನೂರರಲ್ಲಿ ಒಂದು ಇಂಚು ಸಣ್ಣದು. ಆ ಸಂದಿಯನ್ನು ತುಂಬುವುದು ಬಟ್ಟೆ. ಗೀರನ್ನು ಹಿಡಿದು ಗುಂಡನ್ನು ತಿರುಗಿಸುವುದೂ ಅದೇ. ದಿಂಬಿನ ಟಿಕಿಂಗ್ ಬಟ್ಟೆ, ಒತ್ತಾಗಿ ನೇಯ್ದ ಹತ್ತಿಯದು, ಬೇರೆ ಯಾವುದೂ ಬೇಡ. ಈಡು ಹೊಡೆದ ಮೇಲೆ ಹತ್ತು ಹದಿನೈದು ಅಡಿ ಮುಂದೆ ನಡೆದು ಬಿದ್ದ ಬಟ್ಟೆ ಹುಡುಕು. ನಡುವೆ ಮಸಿಯ ಕಪ್ಪು ವೃತ್ತ, ಅಂಚು ಸ್ವಲ್ಪ ಎಳೆಬಿಟ್ಟಿದ್ದರೆ ಸರಿ. ಸುಟ್ಟು ತೂತಾಗಿದ್ದರೆ, ಹರಿದಿದ್ದರೆ, ಬಟ್ಟೆ ತೆಳುವಾಯಿತು ಅಥವಾ ಜಿಡ್ಡು ಸಾಲಲಿಲ್ಲ. ರೇಂಜಿನಲ್ಲಿ ಕೆಲವರು ಎಂಜಲು ಹಚ್ಚುತ್ತಾರೆ. ಡಿಸೆಂಬರಿನ ಕಾಡಿಗೆ ಅದು ಬೇಡ. ಹೆಪ್ಪುಗಟ್ಟುತ್ತದೆ, ತುಕ್ಕು ಬೇರೆ. ಜೇನುಮೇಣ ಮತ್ತು ಕೊಬ್ಬು ಸೇರಿಸಿ ಮಾಡಿದ ಮುಲಾಮು ಡಬ್ಬಿಯಲ್ಲಿದೆ, ಅದನ್ನೇ ಹಚ್ಚು.

ಮಸಿ, ಅಂದರೆ ಕೋವಿಯ ಮದ್ದು, ಅಸಲಿ ಬ್ಲ್ಯಾಕ್ ಪೌಡರೇ ಆಗಿರಲಿ. ನಳಿಗೆಗೆ ಎರಡು ಎಫ್‌ನ ದಪ್ಪ ಪುಡಿ, ಅಳತೆ 70 ಗ್ರೇನಿಗೆ ಗುರುತು ಮಾಡಿದ್ದೇನೆ. ಕಿಡಿ ಬೀಳುವ ಪುಟ್ಟ ಬಟ್ಟಲಿಗೆ, ಆ ಪ್ಯಾನಿಗೆ, ನಾಲ್ಕು ಎಫ್‌ನ ಸಣ್ಣ ಪುಡಿ. ಬದಲಿ ಪುಡಿಗಳು, ಗುಳಿಗೆಗಳು ಇನ್‌ಲೈನಿಗೆ ಆಗಬಹುದು. ಕಲ್ಲಿನ ಕಿಡಿಗೆ ನೆಟ್ಟಗೆ ಹೊತ್ತಿಕೊಳ್ಳುವುದಿಲ್ಲ.

ಇನ್ನೊಂದು ಬಹಳ ಮುಖ್ಯ. ಗುಂಡನ್ನು ನಳಿಗೆಯೊಳಕ್ಕೆ ತಳ್ಳುವ ಕೋಲು, ರಾಮ್‌ರಾಡಿನ ಮೇಲೆ ನಾನು ಎರಡು ಗೆರೆ ಕೊರೆದಿದ್ದೇನೆ. ನಳಿಗೆಯ ಬಾಯಿಗೆ ಮೇಲಿನದು ಸರಿಬಂದರೆ ನಳಿಗೆ ಖಾಲಿ, ಕೆಳಗಿನದು ಸರಿಬಂದರೆ ಬಾರು ಆಗಿದೆ ಅಂತ. ಗುಂಡು ಮಸಿಯ ಮೇಲೆ ಒತ್ತಿ ಕೂರಲೇಬೇಕು. ನಡುವೆ ಜಾಗ ಉಳಿದರೆ ನಳಿಗೆಯೇ ಸಿಡಿಯಬಹುದು. ಬೆಳಿಗ್ಗೆ ಬಾರು ಮಾಡಿದ ಮೇಲೆ ಒಮ್ಮೆ, ಮಧ್ಯಾಹ್ನ ಒಮ್ಮೆ ರಾಡು ಇಳಿಸಿ ಗೆರೆ ನೋಡು. ಇಳಿಸುವ ಮೊದಲು ಪ್ಯಾನಿನ ಪುಡಿ ಒರೆಸು. ಬಟ್ಟೆ ಸುತ್ತಿದ ಗುಂಡು ಬಿಗಿಯಾಗಿ ಕೂರುತ್ತದೆ, ಸುಲಭಕ್ಕೆ ಜಾರುವುದಿಲ್ಲ. ಆ ಉದ್ದ ಗುಂಡುಗಳು, ಕೋವಿಯ ಮೂತಿ ಕೆಳಗೆ ಮಾಡಿ ನಡೆದರೆ, ಒಂದೊಂದು ಸಲ ಮುಂದಕ್ಕೆ ಜಾರುತ್ತವೆ. ನಾನು ಬೇಡ ಅನ್ನುವುದಕ್ಕೆ ಅದೂ ಒಂದು ಕಾರಣ.

ನಮ್ಮೂರಲ್ಲಿ ರಾಮ್‌ರಾಡಿಗೆ ಗಜ ಅಂತಲೇ ಹೆಸರು. ಮೊನ್ನೆ ಅಟ್ಟ ಗುಡಿಸುವಾಗ ಅಜ್ಜನ ಗುಂಡಿನ ಅಚ್ಚು ಸಿಕ್ಕಿತು, ಅದನ್ನು ಹೇಳಲೇಬೇಕು. ಇಕ್ಕಳದ ಹಾಗಿದೆ. ಬಾಯಿ ಮುಚ್ಚಿದರೆ ನಡುವೆ ನೆಲ್ಲಿಕಾಯಿಯ ಬೀಜದಷ್ಟು ದುಂಡನೆಯ ಪೊಳ್ಳು. ಅಜ್ಜನದು ಕೇಪಿನ ಕೋವಿ, ನಳಿಗೆಯೊಳಗೆ ಗೀರಿಲ್ಲ. ಮಸಿ ಸುರಿದು, ತೆಂಗಿನ ಕತ್ತ ತುರುಕಿ, ಗಜ ಹಾಕಿ ಬಡಿದು, ಮೇಲೆ ಗುಂಡೋ ಚರೆಯೋ ಹಾಕಿ, ಮತ್ತೆ ಕತ್ತ. ಗಜ ಟಣ್ ಅಂತ ಪುಟಿದು ಮೇಲೆ ಬಂದರೆ ಬಾರು ಸರಿಯಾಗಿದೆ ಅಂತ ಲೆಕ್ಕ. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು. ನಿಲ್ಲಲೇಬೇಕಿತ್ತು. ಆಮೇಲೆ ಆ ಕೋವಿ ಇದ್ದಿದ್ದು ಗದ್ದೆಗೆ ಬರುವ ಹಂದಿಯನ್ನು ಬೆದರಿಸುವುದಕ್ಕೆ, ಎಲೆಕ್ಷನ್ ಬಂದಾಗ ಠಾಣೆಗೆ ಜಮಾ ಮಾಡುವುದಕ್ಕೆ.

ಅಜ್ಜಿ ಕೇಳಿದಳು, ಇಲ್ಲಿ ಬೇಡ ಅಂದಿದ್ದು ಅಲ್ಲಿ ಯಾಕೆ ಬೇಕು ಅಂತ. ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಪೆನ್ಸಿಲ್ವೇನಿಯಾದಲ್ಲೂ ಒಂದು ಕಾಲಕ್ಕೆ ಜಿಂಕೆ ಮುಗಿದೇ ಹೋಗುವ ಹಂತಕ್ಕೆ ಬಂದಿತ್ತು. 1895ರಲ್ಲಿ ಗೇಮ್ ಕಮಿಷನ್ ಮಾಡಿದರು. ಬೇರೆ ರಾಜ್ಯಗಳಿಂದ ಜಿಂಕೆ ತಂದು ಬಿಟ್ಟರು. ಲೆಕ್ಕ ಇಟ್ಟು, ಸೀಸನ್ ಗೊತ್ತುಮಾಡಿ ಬೆಳೆಸಿದರು. ಈಗ ಅವು ಜಾಸ್ತಿಯಾಗಿ ಕಾಡಿನ ಎಳೆಯ ಸಸಿಗಳನ್ನೇ ಉಳಿಸುವುದಿಲ್ಲ. 1974ರಲ್ಲಿ ಶುರುವಾದ ಈ ಮಝಲ್‌ಲೋಡರ್ ಸೀಸನ್ ಆ ಲೆಕ್ಕದೊಳಗಿನದು. ಅಜ್ಜಿ ಪೂರ್ತಿ ಒಪ್ಪಲಿಲ್ಲ. "ಕೊಂದರೆ ಒಂದೇ ಈಡಿಗೆ ಹೋಗಬೇಕು, ನರಳಿಸಬಾರದು ಅಂತ ಹೇಳು ಅವಳಿಗೆ" ಅಂದಳು.

ಸೀಸ ವಿಷ ಅಲ್ವಾ ಅಂತ ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಹೌದು, ವಿಷವೇ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಶಿಕಾರಿಗೆ ಸೀಸದ ಗುಂಡೇ ಇಲ್ಲ. ಕಾಡಿನಲ್ಲಿ ಬಿಟ್ಟುಬಂದ ಕರುಳು ತಿಂದು ಬೋಳು ಹದ್ದುಗಳು ಸಾಯುತ್ತವೆ. ನಮ್ಮ ಗುಂಡು ನಿಧಾನದ್ದು. ದೊಡ್ಡ ರೈಫಲ್ಲಿನ ಗುಂಡಿನ ಹಾಗೆ ಚೂರುಚೂರಾಗುವುದು ಕಡಿಮೆ. ಹಾಗಂತ ಏನೂ ಉಳಿಯುವುದಿಲ್ಲ ಅಂತಲ್ಲ. ಗಾಯದ ಸುತ್ತ ಒಂದು ಗೇಣು ಮಾಂಸ ಕತ್ತರಿಸಿ ತೆಗಿ, ಅಯ್ಯೋ ಅನ್ನಬೇಡ. ಕರುಳನ್ನು ಹಾಗೇ ಬಿಡದೆ ಹೂತು ಬಾ, ನೆಲ ಗಟ್ಟಿಯಾಗಿದ್ದರೆ ಕಲ್ಲು ಪೇರಿಸಿ ಮುಚ್ಚು. ಗುಂಡು ಮುಟ್ಟಿದ ಕೈ ತೊಳೆಯದೆ ಊಟ ಮಾಡಬೇಡ. ಪೂರ್ತಿ ತಾಮ್ರದ ಗುಂಡು ಬೇಕು ಅನ್ನಿಸಿದರೆ ಮುಂದೆ ಅದಕ್ಕೆ ಸರಿಯಾದ ನಳಿಗೆಯ ಕೋವಿಯನ್ನೇ ತಗೊಳ್ಳೋಣ. ನಿನ್ನ ಯೋಚನೆ ನನಗೆ ಹಿಡಿಸಿತು. ಈ ನಳಿಗೆಗೆ ಮಾತ್ರ ಅದನ್ನು ತುರುಕುವುದು ಬೇಡ.

ಕೊಲರಾಡೋಗೆ ಹೋಗುವ ಆಸೆ ಹೇಳಿದ್ದೆಯಲ್ಲ. ಅಲ್ಲಿ ಮಝಲ್‌ಲೋಡರ್ ಸೀಸನ್ನಿನಲ್ಲಿ ಸೇಬೋ ಹಾಕುವ ಹಾಗಿಲ್ಲ, ಗುಳಿಗೆ ಮಸಿಯೂ ಇಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಹೋಗುವ ವರ್ಷದ ನಿಯಮದ ಪುಸ್ತಕ ಓದಿಯೇ ಗುಂಡು ಕೊಳ್ಳಬೇಕು.

ಗುಂಡು ನೀನು ಕೊಳ್ಳಬೇಕಾಗಿಲ್ಲ. ಬೇಸ್‌ಮೆಂಟಿನ ಬೆಂಚಿನ ಕೆಳಗೆ ಹಳೆಯ ಹಾರ್ಲಿಕ್ಸ್ ಬಾಟಲಿಯಿದೆ. ಹೋದ ಚಳಿಗಾಲ ನಾನೇ ಎರಕ ಹೊಯ್ದ ಅರವತ್ತು ಗುಂಡು ಅದರಲ್ಲಿವೆ. ಒಂದೊಂದನ್ನೂ ತಕ್ಕಡಿಗೆ ಹಾಕಿ ನೋಡಿದ್ದೇನೆ. ಎರಕದ ಮೂತಿಯ ಸಣ್ಣ ಚಪ್ಪಟೆ ಗುರುತು ಪ್ರತಿ ಗುಂಡಿನಲ್ಲೂ ಇರುತ್ತದೆ. ಬಾರು ಮಾಡುವಾಗ ಅದು ಮೇಲೆ, ನಟ್ಟನಡುವೆ ಬರಲಿ. ನಲವತ್ತನ್ನು ರೇಂಜಿನಲ್ಲಿ ಖರ್ಚು ಮಾಡು. ಬಟ್ಟೆ ಹೊಲಿಗೆ ಡಬ್ಬಿಯಲ್ಲಿಲ್ಲ, ಅದರ ಪಕ್ಕದ ನೀಲಿ ಬಿಸ್ಕತ್ ಡಬ್ಬಿಯಲ್ಲಿದೆ. ಪ್ಲೇಟಿನ ಫೋಟೋ ಕಳಿಸು. ಶನಿವಾರ ಸಂಜೆ ಆರಕ್ಕೆ ಗುಡ್ಡದ ಮೇಲೆ ಇರುತ್ತೇನೆ, ಆಗ ನಿನಗೆ ಬೆಳಿಗ್ಗೆ.

ನಿನ್ನ
ಅಪ್ಪ