ಸೀಟು ಆರಿಸುವ ಮೊದಲು ಒಮ್ಮೆ ವಾರ್ಡಿಗೆ ಹೋಗಿ ಬನ್ನಿ

ಮಾನ್ಯ ಸಂಪಾದಕರೇ,

ಮೆಡಿಕಲ್ ಸೀಟಿನ ನೀಟ್ ಕೌನ್ಸೆಲಿಂಗ್ ಶುರುವಾದಾಗಿನಿಂದ ಪತ್ರಿಕೆಗಳಲ್ಲಿ ದಿನಾ ಕಟಾಫ್, ಫೀಸು, ಸೀಟಿನ ಲೆಕ್ಕ ಬರುತ್ತಿದೆ. ಬರಲಿ, ಬೇಕಾದದ್ದೇ. ಆದರೆ ಮನೆಗಳಲ್ಲಿ ನಡೆಯುತ್ತಿರುವ ಜಗಳವೇ ಬೇರೆ. ಕಡಿಮೆ ಫೀಸಿನ ಕಾಲೇಜು ಮನಸ್ಸಿಗೆ ಹಿಡಿಸುವುದಿಲ್ಲ, ಮನಸ್ಸಿಗೆ ಹಿಡಿಸಿದ ಕಾಲೇಜಿನ ಫೀಸು ಕೈಗೆ ಎಟುಕುವುದಿಲ್ಲ. ತಿಪಟೂರಿನಲ್ಲಿರುವ ನನ್ನ ತಂಗಿಯ ಮನೆಯಲ್ಲೂ ಇದೇ ಕಥೆ. ಮಗಳಿಗೆ ಪರವಾಗಿಲ್ಲ ಅನ್ನುವಂಥ ರ‍್ಯಾಂಕ್ ಬಂದಿದೆ. ದೂರದ ಜಿಲ್ಲೆಯ ಹೊಸ ಸರ್ಕಾರಿ ಕಾಲೇಜು ಸಿಗಬಹುದು, ಇಲ್ಲವೇ ಯಾವುದಾದರೂ ಖಾಸಗಿ ಕಾಲೇಜಿನಲ್ಲಿ ಸರ್ಕಾರದ ಪಾಲಿಗೆ ಬರುವ, ಫೀಸು ಕಡಿಮೆ ಇರುವ ಗವರ್ನಮೆಂಟ್ ಕೋಟಾ ಸೀಟು. ಅವರಪ್ಪನ ಕಣ್ಣು ಮಾತ್ರ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ದುಬಾರಿ ಪ್ರೈವೇಟ್ ಕೋಟಾ ಮೇಲೆ. "ತೋಟ ಅಡ ಇಟ್ಟರಾಯ್ತು ಬಿಡಿ ಅಕ್ಕ" ಅನ್ನುತ್ತಾರೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವಳು. ಸರ್ವೀಸಿನ ಬಹುಪಾಲು ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಯಲ್ಲೇ ಕಳೆದದ್ದು. ಡಾಕ್ಟರ್ ಆಗಬೇಕಾದವರು ಎಲ್ಲಿ ಕಲಿಯುತ್ತಾರೆ ಅನ್ನುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಇಂಟರ್ನ್, ಅಂದರೆ ಕೊನೆಯ ವರ್ಷ ಆಸ್ಪತ್ರೆಯಲ್ಲಿ ತರಬೇತಿಗೆ ಇರುವವರು, ಮೊದಲ ಸಲ ಐವಿ (ಡ್ರಿಪ್) ಹಾಕುವಾಗ ಪಕ್ಕದಲ್ಲಿ ಇರುವವಳು ಸಿಸ್ಟರ್, ಪ್ರೊಫೆಸರ್ ಅಲ್ಲ. ಕೈಗೆ ಪಟ್ಟಿ ಕಟ್ಟಿ, ನರ ಹುಡುಕಿ, ಕ್ಯಾನುಲಾ ಚುಚ್ಚುವವರೆಗೆ ಎಲ್ಲರಿಗೂ ಬರುತ್ತದೆ. ಕ್ಯಾನುಲಾದ ಹಿಂಬದಿಯ ಚೇಂಬರಿನಲ್ಲಿ ರಕ್ತ ಕಂಡ ಮೇಲೂ ಗಾಬರಿಯಲ್ಲಿ ಸೂಜಿ ತಳ್ಳುತ್ತಲೇ ಹೋಗುತ್ತಾರೆ, ನರ ತೂತಾಗಿ ಕೈ ಊದಿಕೊಳ್ಳುತ್ತದೆ, ರೋಗಿ ಅಮ್ಮಾ ಅನ್ನುತ್ತಾನೆ. ರಕ್ತ ಕಂಡ ಮೇಲೆ ಸೂಜಿಯನ್ನು ತಗ್ಗಿಸಿ ಒಂಚೂರು ಮಾತ್ರ ಮುಂದೆ ತಂದು, ಅಲ್ಲೇ ಹಿಡಿದು, ಮೇಲಿನ ಪ್ಲಾಸ್ಟಿಕ್ ಕೊಳವೆಯನ್ನಷ್ಟೇ ಮುಂದೆ ಜಾರಿಸಬೇಕು. ಬಾಯಲ್ಲಿ ಹೇಳಿದರೆ ಇದು ಬರುವುದಿಲ್ಲ. ಮುದುಕರ ಕೈ, ಮಗುವಿನ ಕೈ, ಡಯಾಲಿಸಿಸ್ ಆಗಿ ಆಗಿ ನರವೇ ಸಿಗದವರ ಕೈ, ಹೀಗೆ ನೂರಾರು ಕೈ ಹಿಡಿದ ಮೇಲೆ ಬರುತ್ತದೆ. ಅಷ್ಟು ಕೈಗಳು ಬೇಕಿದ್ದರೆ ವಾರ್ಡಿನಲ್ಲಿ ಜನ ಇರಬೇಕಲ್ವಾ?

ಆದರೆ ಕಾಲೇಜು ನೋಡಲು ಹೋದವರು ನೋಡಿ ಬರುವುದು ಏನನ್ನು? ಗಾಜಿನ ಲಾಬಿ, ಎಸಿ ಲೈಬ್ರರಿ, ಮೆತ್ತನೆ ಸೀಟಿನ ಲೆಕ್ಚರ್ ಹಾಲ್, ಕ್ಯಾಂಟೀನಿನ ಪಾಸ್ತಾ. ಮನೆಗೆ ಬಂದು "ಒಳಗೆ ಕಾಲಿಟ್ಟ ಕೂಡಲೇ ಇದೇ ನನ್ನ ಕಾಲೇಜು ಅನ್ನಿಸಿಬಿಟ್ಟಿತು" ಅನ್ನುತ್ತಾರೆ. ಹಾಗೆ ಅನ್ನಿಸುವುದು ಸುಳ್ಳಲ್ಲ. ನಾನು ಅದನ್ನು ಹಗುರ ಮಾಡುತ್ತಿಲ್ಲ. ಐದೂವರೆ ವರ್ಷ ಇರಬೇಕಾದ ಜಾಗ ಅದು, ಮನಸ್ಸು ಒಪ್ಪದಿದ್ದರೆ ಮೊದಲ ವರ್ಷದ ಅನಾಟಮಿಯಲ್ಲೇ ಮಕ್ಕಳು ಕುಸಿಯುತ್ತಾರೆ. ನನ್ನ ತಕರಾರು ಇಷ್ಟೇ, ಹಾಗೆ ಅನ್ನಿಸಿದ್ದು ಯಾವುದನ್ನು ನೋಡಿ?

ತಂಗಿಯ ಮಗಳನ್ನು ಕರೆದುಕೊಂಡು ಹೋಗಿ ನಾನು ನೇರ ಮೆಡಿಸಿನ್ ವಾರ್ಡಿಗೆ ನುಗ್ಗಿದೆ. ಆ ಬೆಂಗಳೂರಿನ ಕಾಲೇಜಿನಲ್ಲಿ ಹಾಸಿಗೆ ಸಾಲಾಗಿ ಇದ್ದವು, ಬೆಡ್‌ಶೀಟಿನಲ್ಲಿ ಒಂದು ಸುಕ್ಕಿಲ್ಲ. ಎಷ್ಟೋ ಮಂಚದ ಕಂಬಿಗೆ ರೋಗಿಯ ವಿವರ ಬರೆಯುವ ಕೇಸ್ ಶೀಟ್ ನೇತಾಡುತ್ತಿತ್ತು, ಮಂಚದ ಮೇಲೆ ಯಾರೂ ಇರಲಿಲ್ಲ. ಊಟಕ್ಕೆ ಹೋಗಿರಬಹುದು ದೊಡ್ಡಮ್ಮ ಅಂದಳು. ಊಟಕ್ಕೆ ಹೋದ ರೋಗಿಯ ಮಂಚದ ಕೆಳಗೆ ಪ್ಲಾಸ್ಟಿಕ್ ಬುಟ್ಟಿ ಇರುತ್ತದೆ, ಫ್ಲಾಸ್ಕ್ ಇರುತ್ತದೆ, ಕಂಬಿಯ ಮೇಲೆ ಒದ್ದೆ ಟವೆಲ್ ಇರುತ್ತದೆ, ಪಕ್ಕದಲ್ಲಿ ಒಬ್ಬ ಅತ್ತೆಯೋ ನಾದಿನಿಯೋ ತೂಕಡಿಸುತ್ತಿರುತ್ತಾರೆ. ಅಲ್ಲಿ ಅದ್ಯಾವುದೂ ಇರಲಿಲ್ಲ. 150 ಸೀಟಿನ ಕಾಲೇಜಿಗೆ 605 ಹಾಸಿಗೆ ಇರಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2023ರ ನಿಯಮ ಹೇಳುತ್ತದೆ. ಹಾಸಿಗೆ ಹಾಕಿಸುವುದು ಕಷ್ಟವಲ್ಲ, ಮಲಗುವವರು ಬೇಕು. ಇನ್‌ಸ್ಪೆಕ್ಷನ್ ದಿನ ಬಾಡಿಗೆ ರೋಗಿಗಳನ್ನು ಕರೆತರುವ ಸುದ್ದಿಯನ್ನು ನಾವು ಪತ್ರಿಕೆಗಳಲ್ಲೇ ಓದಿದ್ದೇವೆ.

ಹಾಗಂತ ಖಾಸಗಿ ಅಂದರೆ ಖಾಲಿ, ಸರ್ಕಾರಿ ಅಂದರೆ ಚಿನ್ನ ಎಂದು ನಾನು ಹೇಳುವುದಿಲ್ಲ. ಮಂಗಳೂರಿನ ಖಾಸಗಿ ಕಾಲೇಜು ಕೆಎಂಸಿಯ ಮಕ್ಕಳು ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲೂ ಲೇಡಿ ಗೋಷನ್‌ನಲ್ಲೂ ಕಲಿಯುತ್ತಾರೆ. ದಾವಣಗೆರೆಯ ಖಾಸಗಿ ಜೆಜೆಎಂ ಕಾಲೇಜಿನವರಿಗೆ ಬಾಪೂಜಿ ಆಸ್ಪತ್ರೆಯ ಜೊತೆ ಸರ್ಕಾರಿ ಚಿಗಟೇರಿ ಆಸ್ಪತ್ರೆಯೂ ಇದೆ. ಕಾಲೇಜಿನ ಬೋರ್ಡಿನಲ್ಲಿ ಯಾರ ಹೆಸರಿದೆ ಅನ್ನುವುದಕ್ಕಿಂತ ಮಕ್ಕಳು ಬೆಳಿಗ್ಗೆ ಎದ್ದು ಯಾವ ಆಸ್ಪತ್ರೆಗೆ ಹೋಗುತ್ತಾರೆ ಅನ್ನುವುದು ಮುಖ್ಯ. ಇನ್ನು ಹೊಸ ಸರ್ಕಾರಿ ಕಾಲೇಜುಗಳದ್ದು ಬೇರೆಯೇ ಗೋಳು. ಜಿಲ್ಲಾ ಆಸ್ಪತ್ರೆಯ ಮೇಲೇ ಕಾಲೇಜು ಕಟ್ಟಿರುವುದರಿಂದ ರೋಗಿಗಳಿಗೆ ಬರವಿಲ್ಲ, ಪಾಠ ಮಾಡುವವರಿಗೆ ಬರ. ಎಷ್ಟೋ ವಿಭಾಗಗಳಲ್ಲಿ ಪ್ರೊಫೆಸರ್ ಹುದ್ದೆ ಖಾಲಿ, ಹಾಸ್ಟೆಲ್ ಅರ್ಧಂಬರ್ಧ, ಮೊದಲ ಬ್ಯಾಚುಗಳಿಗೆ ದಾರಿ ಹೇಳುವ ಸೀನಿಯರ್‌ಗಳೂ ಇರುವುದಿಲ್ಲ. ಇದನ್ನು ನೋಡಿ ಮಗುವಿಗೆ ಮನಸ್ಸು ಹಿಂಜರಿದರೆ "ಫೀಸು ಕಡಿಮೆ, ಸುಮ್ನೆ ಹೋಗು" ಅನ್ನುವುದು ಸರಿಯಲ್ಲ. ಬಿಸಿಲು ಜಾಸ್ತಿ, ಊರು ದೂರ, ಮಾಲ್ ಇಲ್ಲ ಎಂದು ಹಿಂಜರಿದರೆ ಮಾತ್ರ ಒಂದು ಮಾತು ಗದರಿಸಬಹುದು.

ಈಗ ದುಡ್ಡಿನ ಮಾತು. ಸರ್ಕಾರಿ ಕಾಲೇಜಿನ ಫೀಸು ವರ್ಷಕ್ಕೆ 60 ಸಾವಿರ ಚಿಲ್ಲರೆ. ಖಾಸಗಿ ಕಾಲೇಜಿನ ಗವರ್ನಮೆಂಟ್ ಕೋಟಾ 1.5 ಲಕ್ಷದ ಆಸುಪಾಸು. ಪ್ರೈವೇಟ್ ಕೋಟಾ 10 ಲಕ್ಷ ದಾಟುತ್ತದೆ. ತಾವೇ ಪರೀಕ್ಷೆ ನಡೆಸಿ ಡಿಗ್ರಿ ಕೊಡುವ ಡೀಮ್ಡ್ ಯೂನಿವರ್ಸಿಟಿಗಳದ್ದು ಇನ್ನೂ ಮೇಲೆ. ಸರ್ಕಾರಿ ಕಾಲೇಜುಗಳ ಇಂಟರ್ನ್‌ಗಳ ಸ್ಟೈಪೆಂಡನ್ನು 2020ರಲ್ಲಿ ತಿಂಗಳಿಗೆ 30 ಸಾವಿರಕ್ಕೆ ಏರಿಸಿದರು. ಹನ್ನೆರಡು ತಿಂಗಳಿಗೆ 3.6 ಲಕ್ಷ. ಅಂದರೆ ಅಷ್ಟೂ ವರ್ಷ ಕಟ್ಟಿದ ಟ್ಯೂಷನ್ ಫೀಸು ಹೆಚ್ಚುಕಡಿಮೆ ವಾಪಸ್ ಬಂದಂತೆ. ಖಾಸಗಿಯಲ್ಲಿ ಎಷ್ಟು ಕೊಡುತ್ತಾರೆ, ಕೊಡುತ್ತಾರೋ ಇಲ್ಲವೋ ಎಂದು ಇಂಟರ್ನ್‌ಗಳನ್ನೇ ಕೇಳಬೇಕು, ಆಫೀಸಿನಲ್ಲಿ ಕೇಳಿದರೆ ಸಿಗುವುದು ನಗು ಮಾತ್ರ. ಫೀಸಿನ ಜೊತೆಗೆ ಹಾಸ್ಟೆಲ್, ಮೆಸ್ಸು, "ಇತರೆ" ಎಂಬ ಹೆಸರಿನಲ್ಲಿ ವರ್ಷವರ್ಷ ಬರುವ ಚೀಟಿ, ಇವನ್ನೂ ಬರೆಸಿಕೊಂಡೇ ಬರಬೇಕು.

ಗವರ್ನಮೆಂಟ್ ಕೋಟಾಗೂ ಸರ್ಕಾರಿ ಸೀಟಿಗೂ ಒಟ್ಟು ವ್ಯತ್ಯಾಸ ಒಂದಷ್ಟು ಲಕ್ಷ. ಕಷ್ಟವೇ, ಆದರೆ ಮಧ್ಯಮ ವರ್ಗದ ಮನೆ ಹೇಗೋ ಹೊರಬಹುದು. 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವುದಿಲ್ಲ. ಈ ಎರಡರ ನಡುವೆ ಆರಿಸಬೇಕಿದ್ದರೆ, ವಾರ್ಡು ನೋಡಿ ಬಂದ ಮಗುವಿನ ಮನಸ್ಸಿಗೇ ಬಿಟ್ಟುಬಿಡಿ ಎಂದು ನಾನು ಹೇಳುತ್ತೇನೆ. ಐದು ವರ್ಷ ಖುಷಿಯಿಂದ ಓದುವುದಕ್ಕೆ ಅಷ್ಟು ಬೆಲೆ ಕೊಡಬಹುದು.

ಪ್ರೈವೇಟ್ ಕೋಟಾದ ವಿಷಯ ಹಾಗಲ್ಲ. ಹುಡುಗಿಯ ಅಪ್ಪನ ಮುಂದೆ ಕಾಗದ ಪೆನ್ನು ಇಟ್ಟು ಕೂರಿಸಿ ಲೆಕ್ಕ ತೋರಿಸಿದೆ. 50 ಲಕ್ಷ ಸಾಲ, 10 ಪರ್ಸೆಂಟ್ ಬಡ್ಡಿ, ಹತ್ತು ವರ್ಷದ ಕಂತು ಅಂದರೆ ತಿಂಗಳಿಗೆ ಸುಮಾರು 66 ಸಾವಿರ. ಓದುವಾಗ ಸೇರಿಕೊಳ್ಳುವ ಬಡ್ಡಿ ಇದರಲ್ಲಿ ಇಲ್ಲ. ಬರೀ ಎಂಬಿಬಿಎಸ್ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗಿಯ ಸಂಬಳ ಎಷ್ಟೋ ಕಡೆ ಅಷ್ಟೂ ಇರುವುದಿಲ್ಲ. ಈಗಿನ ಕಾಲದಲ್ಲಿ ಎಂಬಿಬಿಎಸ್‌ಗೇ ನಿಲ್ಲುವವರು ಕಡಿಮೆ. ಮುಂದೆ ಎಂಡಿ, ಎಂಎಸ್ ಓದುವುದಕ್ಕೆ ಬರೆಯುವ ನೀಟ್ ಪಿಜಿ ಪರೀಕ್ಷೆಗೆ ಒಂದು ವರ್ಷವೋ ಎರಡು ವರ್ಷವೋ ಮನೆಯಲ್ಲಿ ಕೂತು ಓದುತ್ತಾರೆ. ತಲೆ ಮೇಲೆ ತಿಂಗಳಿಗೆ 66 ಸಾವಿರದ ಕಂತು ಇರುವವಳು ಹೇಗೆ ಕೂತು ಓದುತ್ತಾಳೆ? ಯಾವುದೋ ನರ್ಸಿಂಗ್ ಹೋಮಿನಲ್ಲಿ ನೈಟ್ ಡ್ಯೂಟಿ ಹಿಡಿಯುತ್ತಾಳೆ. ಆ ಹುಡುಗಿಯರನ್ನೂ ನಾನು ಕಂಡಿದ್ದೇನೆ, ಪುಸ್ತಕ ತೆರೆದಿಟ್ಟು ಅದರ ಮೇಲೇ ನಿದ್ದೆ ಹೋಗಿರುತ್ತಾರೆ. ಇನ್ನು ತೋಟ ಅಡ ಇಡುವ ಮಾತು. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಎಷ್ಟೋ ಬ್ಯಾಂಕುಗಳು ಒಪ್ಪುವುದೇ ಇಲ್ಲ, ಮನೆಯದ್ದೋ ಸೈಟಿನದ್ದೋ ಪತ್ರ ತನ್ನಿ ಅನ್ನುತ್ತವೆ. ಆಮೇಲೆ ಜನ ಕೈಸಾಲಕ್ಕೆ ಹೋಗುತ್ತಾರೆ. ಕೋಟಿ ಇರುವವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ಎಲ್ಲಿ ಬೇಕಾದರೂ ಸೇರಿಸಲಿ.

ಇಷ್ಟೆಲ್ಲ ಕೊಟ್ಟು ಸಿಗುವುದು ಏನು? ಡೀಮ್ಡ್ ಬಿಟ್ಟರೆ ರಾಜ್ಯದ ಹೆಚ್ಚುಕಡಿಮೆ ಎಲ್ಲ ಮೆಡಿಕಲ್ ಕಾಲೇಜುಗಳೂ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೇ ಇವೆ. ಅದೇ ಪ್ರಶ್ನೆಪತ್ರಿಕೆ, ಅದೇ ಡಿಗ್ರಿ. ಪಿಜಿ ಸೀಟು ಕೊಡುವಾಗ ಎಂಬಿಬಿಎಸ್ ಯಾವ ಕಾಲೇಜಿನಲ್ಲಿ ಎಂದು ಯಾರೂ ಮಾರ್ಕ್ಸ್ ಕೊಡುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಬಗ್ಗಬಾರದ ಒಂದು ಅಳುಕು ಇದೆ, ಅದನ್ನೂ ಹೇಳಿಬಿಡುತ್ತೇನೆ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್‌ಜಿ ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ಆದದ್ದನ್ನು ಯಾವ ತಾಯಿಯೂ ಮರೆತಿಲ್ಲ. ಹೆಣ್ಣುಮಕ್ಕಳು ನೈಟ್ ಡ್ಯೂಟಿಯಲ್ಲಿ ಒಂದು ಗಂಟೆ ಮಲಗುವ ರೂಮಿಗೆ ಒಳಗಿನಿಂದ ಚಿಲಕ ಇದೆಯೇ, ಬಾತ್‌ರೂಮು ಆ ರೂಮಿನಲ್ಲೇ ಇದೆಯೇ ಅಥವಾ ಕಾರಿಡಾರ್ ದಾಟಿ ಹೋಗಬೇಕೇ, ಆಸ್ಪತ್ರೆಯಿಂದ ಹಾಸ್ಟೆಲ್ಲಿಗೆ ಹೋಗುವ ದಾರಿಯಲ್ಲಿ ಲೈಟ್ ಇದೆಯೇ, ಇವನ್ನು ಹೋಗಿ ನೋಡಿ. ಮಗಳು "ಯಾಕೋ ಅಲ್ಲಿ ಸರಿ ಅನ್ನಿಸಲಿಲ್ಲಮ್ಮ" ಎಂದರೆ ಯಾಕೆ ಎಂದು ಕೂರಿಸಿ ಕೇಳಿ. ಕಾರಣ ಇದಾಗಿದ್ದರೆ ಫೀಸು ಎಷ್ಟೇ ಕಡಿಮೆ ಇರಲಿ, ಆ ಕಾಲೇಜನ್ನು ಪಟ್ಟಿಯಿಂದ ತೆಗೆಯಿರಿ.

ಪಟ್ಟಿ ಅಂದಾಗ ಇನ್ನೊಂದು. ತುಂಬಾ ಜನ ಸೀಟು ಸಿಕ್ಕ ಮೇಲೆ ಯೋಚಿಸೋಣ ಅಂದುಕೊಳ್ಳುತ್ತಾರೆ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ (ಕೆಇಎ) ನಿರ್ಧಾರ ಆಗುವುದು ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ತುಂಬುವ ಆಪ್ಷನ್ ಎಂಟ್ರಿಯಲ್ಲೇ. ಮೇಲೆ ಹಾಕಿದ್ದು ರ‍್ಯಾಂಕಿಗೆ ಸಿಕ್ಕರೆ ಕೆಳಗಿನದನ್ನು ಕಂಪ್ಯೂಟರ್ ನೋಡುವುದೇ ಇಲ್ಲ. ಸಿಕ್ಕ ಸೀಟು ಇಟ್ಟುಕೊಂಡೇ ಇನ್ನೂ ಮೇಲಿನದಕ್ಕೆ ಕಾಯುತ್ತೇನೆ ಎಂದು ಚಾಯ್ಸ್ 2 ಒತ್ತಿ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕಿತೆಂದರೆ ಕೈಯಲ್ಲಿದ್ದ ಸೀಟು ಹೋಯಿತು. ಬೇಡದ ಪ್ರೈವೇಟ್ ಕೋಟಾವನ್ನು "ಇರಲಿ ಬಿಡು" ಎಂದು ಮೇಲೆ ಹಾಕಿ, ಸಿಕ್ಕಿದ ಮೇಲೆ ಅಳುತ್ತಾ ಮಲ್ಲೇಶ್ವರದ ಕೆಇಎ ಆಫೀಸಿನ ಮುಂದೆ ನಿಂತವರ ಕಥೆ ಪ್ರತಿ ವರ್ಷ ಇದ್ದದ್ದೇ. ನಮ್ಮ ಹುಡುಗಿ ಜಿಲ್ಲಾ ಆಸ್ಪತ್ರೆಯಲ್ಲಿ ಪಾಠ ನಡೆಯುವ ಒಂದು ಖಾಸಗಿ ಕಾಲೇಜಿನ ಗವರ್ನಮೆಂಟ್ ಕೋಟಾವನ್ನು ಮೊದಲು ಹಾಕಿದ್ದಾಳೆ, ಅದರ ಕೆಳಗೆ ಸರ್ಕಾರಿ ಕಾಲೇಜುಗಳು. ಪ್ರೈವೇಟ್ ಕೋಟಾ ಒಂದನ್ನೂ ಹಾಕಿಲ್ಲ. ಅವರಪ್ಪ ನನ್ನ ಹತ್ತಿರ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಪತ್ರಿಕೆಯವರಲ್ಲಿ ಮತ್ತು ಕೆಇಎಯವರಲ್ಲಿ ನನ್ನ ಕೋರಿಕೆ ಇಷ್ಟು. ಫೀಸಿನ ಪಟ್ಟಿಯ ಪಕ್ಕಕ್ಕೆ ಇನ್ನು ನಾಲ್ಕು ಕಾಲಂ ಹಾಕಿ. ಹಿಂದಿನ ವರ್ಷ ಆ ಆಸ್ಪತ್ರೆಯಲ್ಲಿ ಎಷ್ಟು ಹೆರಿಗೆ ಆಯಿತು, ಸರಾಸರಿ ಎಷ್ಟು ಹಾಸಿಗೆ ತುಂಬಿತ್ತು, ಇಂಟರ್ನ್‌ಗಳಿಗೆ ನಿಜವಾಗಿ ಕೊಟ್ಟ ಸ್ಟೈಪೆಂಡ್ ಎಷ್ಟು, ಎಷ್ಟು ಪ್ರೊಫೆಸರ್ ಹುದ್ದೆ ಖಾಲಿ. ಈ ಲೆಕ್ಕ ಆಯಾ ಆಸ್ಪತ್ರೆಗಳ ರಿಜಿಸ್ಟರ್‌ಗಳಲ್ಲೇ ಇರುತ್ತದೆ, ಲೇಬರ್ ರೂಮಿನ ರಿಜಿಸ್ಟರ್ ಬರೆದವಳು ನಾನೇ. ಈ ಸಲಕ್ಕೆ ಅದು ಆಗದಿದ್ದರೂ, ಎರಡನೇ ಸುತ್ತಿನ ಆಪ್ಷನ್ ಬದಲಿಸುವ ದಿನ ಮುಗಿಯುವ ಮೊದಲು ಈ ಪತ್ರವನ್ನಾದರೂ ಹಾಕಿ.

ಇಂತಿ,
ಒಬ್ಬ ನಿವೃತ್ತ ನರ್ಸ್
ತುಮಕೂರು