ರೋಣ ಚರ್ಚೆ ಬಗ್ಗೆ ಸೂಚನೆ

ಎಲ್ಲರಿಗೂ ನಮಸ್ಕಾರ. 'ಹುಬ್ಬಳ್ಳಿಯವರು ರೋಣ ವಿಧಾನಸಭಾ ಕ್ಷೇತ್ರದಲ್ಲಿ ಚುನಾವಣೆಗೆ ಹೇಗೆ ನಿಲ್ತಾರೆ' ಅಂತ ಈ ಗುಂಪಿನಲ್ಲಿ ರಾತ್ರಿಯಿಂದ ಜಗಳ ನಡೆದಿದೆ. ಸುಮ್ನೆ ಬಡಿದಾಡಬೇಡಿ. ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, ಕರ್ನಾಟಕದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಅದೇ ಕ್ಷೇತ್ರದಲ್ಲಿ ಇಷ್ಟು ವರ್ಷ ವಾಸವಿರಬೇಕು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳಿಲ್ಲ.

ಬೇರೆ ಕ್ಷೇತ್ರದ ಮತದಾರರಾದರೆ ಪಟ್ಟಿಯ ದೃಢೀಕೃತ ಪ್ರತಿಯನ್ನು ನಾಮಪತ್ರದ ಜೊತೆ, ಇಲ್ಲವೇ ಪರಿಶೀಲನೆಯ ಹೊತ್ತಿಗೆ ಕೊಡಬೇಕು. ಮರೆತರೆ ನಾಮಪತ್ರಕ್ಕೇ ಕುತ್ತು. ಸೂಚಕರು, ಅಂದ್ರೆ ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು, ಮಾತ್ರ ರೋಣದ ಮತದಾರರೇ ಆಗಿರಬೇಕು. ಮಾನ್ಯತೆ ಪಡೆದ ಪಕ್ಷಕ್ಕೆ ಒಬ್ಬರು ಸಾಕು, ಪಕ್ಷೇತರರಿಗೆ 10 ಜನ. ಅದು ಸ್ವಲ್ಪ ಜಾಸ್ತಿಯೇ, ಅಲ್ವಾ?

ಅಂದ ಹಾಗೆ, ಊರಲ್ಲಿ ಸ್ವಂತ ಮನೆ ಇದೆ ಅಂದ ಮಾತ್ರಕ್ಕೆ ಅಲ್ಲಿನ ಮತದಾರರ ಪಟ್ಟಿಗೆ ಹೆಸರು ಸೇರಲ್ಲ, ಅಲ್ಲಿ ವಾಸ ಇರಬೇಕು. ಯಾರ್ಯಾರದೋ ಮನೆ ಫೋಟೋ ಗುಂಪಿಗೆ ಹಾಕಬೇಡಿ, ಅಡ್ಮಿನ್ ಅಳಿಸುತ್ತಾರೆ.